ಬಸಂತ್ ಬಹಾರ್: ಒಂದು ಹಿಂದಿ ಸಿನಿಮಾದ ಹಾಡುಗಳಲ್ಲಿ ಎರಡು ಕರ್ನಾಟಕ

ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹಾಡು ಆರಿಸೋವಾಗ ಒಂದು ಪ್ರಶ್ನೆ ಬಂದೇ ಬರುತ್ತೆ: ಹಿಂದಿ ಸಿನಿಮಾ ಹಾಡು ಹಾಕಬಹುದಾ? "ಹೆಸರೇ ಕನ್ನಡ ಸಂಘ, ಇಲ್ಲಿ ಹಿಂದಿಗೇನು ಕೆಲಸ?" ಅನ್ನೋರು ಒಂದು ಕಡೆ. "ಸಂಗೀತಕ್ಕೆ ಭಾಷೆ ಇಲ್ಲ ಮಾರಾಯ" ಅನ್ನೋರು ಇನ್ನೊಂದು ಕಡೆ. ನನಗೆ ಎರಡೂ ಮಾತು ಪೂರ್ತಿ ಒಪ್ಪಿಗೆ ಆಗಲ್ಲ. ಭಾಷೆ ನೋಡಿ ಹಾಡು ಯಾರದ್ದು ಅಂತ ತೀರ್ಮಾನ ಮಾಡೋದು ತೀರಾ ಸುಲಭದ ಲೆಕ್ಕ. ಹಾಗಂತ ಸಂಗೀತಕ್ಕೆ ಊರು ಕೇರಿ ಏನೂ ಇಲ್ಲ ಅನ್ನೋದೂ ಸರಿಯಲ್ಲ. ಸಂಗೀತಕ್ಕೂ ವ್ಯಾಕರಣ ಇದೆ, ಅದಕ್ಕೂ ಹುಟ್ಟಿದ ಸೀಮೆ ಇದೆ. ಈ ಲೇಖನದಲ್ಲಿ ಒಂದೇ ಒಂದು ಸಿನಿಮಾದ ಹಾಡುಗಳನ್ನ ಬಿಚ್ಚಿ ನೋಡೋಣ. ಸಿನಿಮಾದ ಹೆಸರು 'ಬಸಂತ್ ಬಹಾರ್', ಬಂದದ್ದು 1956ರಲ್ಲಿ. ಕ್ಲಾಸಿಕಲ್ ಅಂದ ಕೂಡಲೇ ಸ್ಕಿಪ್ ಒತ್ತೋ ಗೆಳೆಯರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡಿದ್ದೇನೆ.

ಕತೆ ಚಿತ್ರದುರ್ಗದ್ದು

ಈ ಹಿಂದಿ ಸಿನಿಮಾಕ್ಕೆ ಆಧಾರ ಒಂದು ಕನ್ನಡ ಕಾದಂಬರಿ: ತ.ರಾ.ಸು. ಅವರ 'ಹಂಸಗೀತೆ'. ತ.ರಾ.ಸು. ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ 'ನಾಗರಹಾವು' ನೆನಪಾಗುತ್ತೆ. ಅದೇ ಲೇಖಕರು ಬರೆದ ಈ ಕಾದಂಬರಿಯ ನಾಯಕ ಭೈರವಿ ವೆಂಕಟಸುಬ್ಬಯ್ಯ, 18ನೇ ಶತಮಾನದ ಚಿತ್ರದುರ್ಗ ಸೀಮೆಯ ಸಂಗೀತಗಾರ. ಭೈರವಿ ರಾಗದಲ್ಲಿ ಅವನಿಗಿದ್ದ ಸಿದ್ಧಿಯಿಂದಲೇ ಹೆಸರಿನ ಹಿಂದೆ ಆ ರಾಗ ಸೇರಿಕೊಂಡಿದೆ. ಸಂಗೀತ ದೇವರಿಗೆ ಅರ್ಪಿಸೋದು, ಅರಸನ ಅಪ್ಪಣೆಗೆ ಹಾಡೋದಲ್ಲ ಅಂತ ನಂಬಿದವನು. ಕೊನೆಗೆ ದೊರೆಯ ಮುಂದೆ ಹಾಡುವ ಬದಲು ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಓದಿದವರಿಗೆ ಆ ಜಾಗ ಮರೆಯೋಕೆ ಆಗಲ್ಲ.

ಬೊಂಬಾಯಿಗೆ ಹೋದಾಗ ಈ ಕತೆ ತುಂಬಾ ಬದಲಾಯಿತು. ಹಿಂದಿಯಲ್ಲಿ ನಾಯಕನ ಹೆಸರು ಗೋಪಾಲ. ಪಾತ್ರ ಮಾಡಿದವರು ಭರತ್ ಭೂಷಣ್, ನಾಯಕಿ ನಿಮ್ಮಿ, ನಿರ್ದೇಶಕ ರಾಜಾ ನವಾಥೆ. ಸಂಗೀತ ಶಂಕರ್–ಜೈಕಿಶನ್ ಜೋಡಿಯದ್ದು, ಸಾಹಿತ್ಯ ಶೈಲೇಂದ್ರ ಮತ್ತು ಹಸರತ್ ಜೈಪುರಿ ಅವರದ್ದು. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಹೆಸರುಗಳಲ್ಲಿ ಆಗಿಲ್ಲ, ಸಂಗೀತದಲ್ಲಿ ಆಗಿದೆ. ವೆಂಕಟಸುಬ್ಬಯ್ಯ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಗೋಪಾಲ ಹಾಡೋದು ಹಿಂದೂಸ್ತಾನಿ. ಕಾದಂಬರಿಯನ್ನ ಒಂದು ಭಾಷೆಯಿಂದ ಇನ್ನೊಂದಕ್ಕೆ ತರೋದು ಒಂದು ಕೆಲಸ. ಅದರೊಳಗಿನ ಸಂಗೀತವನ್ನ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ತರೋದು ಬೇರೆಯೇ ಕೆಲಸ. ಅದು ಯಾಕೆ ಬೇರೆ ಅಂತ ತಿಳಿಯೋಕೆ ಒಂದು ಸಣ್ಣ ಪ್ರಯೋಗ ಮಾಡೋಣ.

ಹನ್ನೆರಡು ಮನೆಗಳ ಲೆಕ್ಕ

ಫೋನಿನಲ್ಲಿ ಯಾವುದಾದರೂ ಕೀಬೋರ್ಡ್ ಆ್ಯಪ್ ತೆಗೆಯಿರಿ. ಯಾವುದಾದರೂ ಒಂದು ಕೀಯನ್ನ ಷಡ್ಜ, ಅಂದರೆ 'ಸ' ಅಂದುಕೊಳ್ಳಿ. ಅದಕ್ಕೆ 0 ಅಂತ ನಂಬರ್ ಕೊಡಿ (ಅರೇ ಇಂಡೆಕ್ಸ್ ಹಾಗೆ). ಕರಿ, ಬಿಳಿ ಅಂತ ಭೇದ ಮಾಡದೆ ಬಲಕ್ಕೆ ಒಂದೊಂದೇ ಕೀ ಎಣಿಸ್ತಾ ಹೋದರೆ 11ರವರೆಗೆ ಹನ್ನೆರಡು ಮನೆ ಸಿಗುತ್ತವೆ. ಮುಂದಿನದು ಮತ್ತೆ 'ಸ', ಮೇಲಿನ ಸ್ಥಾಯಿಯದ್ದು. ಹಿಂದೂಸ್ತಾನಿ ಹೆಸರುಗಳಲ್ಲಿ ಹೇಳೋದಾದರೆ:

0 – ಸ
1 – ಕೋಮಲ ರಿ, 2 – ಶುದ್ಧ ರಿ
3 – ಕೋಮಲ ಗ, 4 – ಶುದ್ಧ ಗ
5 – ಶುದ್ಧ ಮ, 6 – ತೀವ್ರ ಮ
7 – ಪ
8 – ಕೋಮಲ ಧ, 9 – ಶುದ್ಧ ಧ
10 – ಕೋಮಲ ನಿ, 11 – ಶುದ್ಧ ನಿ

ಈಗ 'ಭೈರವಿ' ತಗೊಳ್ಳಿ. ಹಿಂದೂಸ್ತಾನಿ ಭೈರವಿಯ ಮುಖ್ಯ ಸ್ವರಗಳು 0, 1, 3, 5, 7, 8, 10. ಅಂದರೆ ರಿ, ಗ, ಧ, ನಿ ನಾಲ್ಕೂ ಕೋಮಲ. ಕರ್ನಾಟಕ ಸಂಗೀತದ ಭೈರವಿಯಲ್ಲಿ ರಿ 1 ಅಲ್ಲ, 2. ಧ ಎರಡು ಬರುತ್ತೆ: ಹತ್ತುವಾಗ 9, ಇಳಿಯುವಾಗ 8. ಎರಡನ್ನೂ ನಿಧಾನಕ್ಕೆ ನುಡಿಸಿ ನೋಡಿ. ಸ ಬಿಟ್ಟು ಎರಡನೇ ಸ್ವರಕ್ಕೇ ದಾರಿ ಬೇರೆ ಆಗುತ್ತೆ. ಹೆಸರು ಒಂದೇ, ರಾಗ ಬೇರೆ.

ಇನ್ನೊಂದು ಮಜಾ ಇದೆ. ಹಿಂದೂಸ್ತಾನಿ ಭೈರವಿ ಬಳಸೋ ಅದೇ ಏಳು ಮನೆಗಳನ್ನ ಕರ್ನಾಟಕ ಸಂಗೀತದಲ್ಲಿ ಬಳಸೋದು ತೋಡಿ ರಾಗ. ಹಾಗಾದರೆ ಹಿಂದೂಸ್ತಾನಿ ತೋಡಿ? ಅದರ ಮನೆಗಳು 0, 1, 3, 6, 7, 8, 11. ಆ ಮನೆಗಳು ಕರ್ನಾಟಕ ಸಂಗೀತದಲ್ಲಿ ಶುಭಪಂತುವರಾಳಿಯದ್ದು. ಎರಡು ಬೇರೆ ಪ್ರೋಗ್ರಾಮಿನಲ್ಲಿ ಒಂದೇ ಹೆಸರಿನ ವೇರಿಯಬಲ್ ಇದ್ದ ಹಾಗೆ. ಹೆಸರು ನೋಡಿ ಕಾಪಿ ಪೇಸ್ಟ್ ಮಾಡಿದರೆ ಔಟ್‌ಪುಟ್ ತಪ್ಪುತ್ತೆ.

ಹಾಗಾಗಿ 'ಭೈರವಿ' ವೆಂಕಟಸುಬ್ಬಯ್ಯನನ್ನ ಹಿಂದಿಗೆ ತರೋದು ಅಂದರೆ ಹೆಸರನ್ನ ಹಾಗೇ ಇಟ್ಟು ಕೈತೊಳೆದುಕೊಳ್ಳೋ ಕೆಲಸ ಆಗಿರಲಿಲ್ಲ. ಸಂಗೀತವನ್ನ ಬೇರಿನಿಂದ ಹೊಸದಾಗಿ ಕಟ್ಟಬೇಕಿತ್ತು. ಈ ಸಿನಿಮಾದಲ್ಲಿ ಮೊಹಮ್ಮದ್ ರಫಿ ತೋಡಿಯಲ್ಲಿ ಹಾಡಿದ್ದಾರೆ, ಲತಾ ಮಂಗೇಶ್ಕರ್ ಭೈರವಿಯಲ್ಲಿ. ಲತಾ ಹಾಡಿನ ಜೊತೆ ಕೇಳೋ ಕೊಳಲು ಪನ್ನಾಲಾಲ್ ಘೋಷ್ ಅವರದ್ದು. ಕೊಳಲನ್ನ ಹಿಂದೂಸ್ತಾನಿ ಕಛೇರಿಯ ಮುಖ್ಯ ವಾದ್ಯವಾಗಿ ನಿಲ್ಲಿಸಿದವರು ಅವರು. ಚಿತ್ರದುರ್ಗದ ಭೈರವಿಗೂ ಈ ಭೈರವಿಗೂ ಸಂಬಂಧ ಹೆಸರಿನಷ್ಟೇ. ಆದರೂ ಹಾಡು ಹಾಡಾಗಿ ನಿಲ್ಲುತ್ತೆ, ಯಾಕಂದ್ರೆ ಅದು ತನ್ನ ಪದ್ಧತಿಯೊಳಗೇ ಹುಟ್ಟಿದ್ದು.

ಬಸಂತ್‌ಗೆ ಬಹಾರ್ ಸೇರಿಸಿದರೆ

ಸಿನಿಮಾದ ಹೆಸರು ಸುಮ್ಮನೆ 'ವಸಂತದ ಸೊಬಗು' ಅಂತ ಇಟ್ಟದ್ದಲ್ಲ. ಬಸಂತ್ ಒಂದು ರಾಗ, ಬಹಾರ್ ಇನ್ನೊಂದು ರಾಗ, ಎರಡೂ ಸೇರಿಸಿ ಹಾಡೋ ಬಸಂತ್ ಬಹಾರ್ ಒಂದು ಜೋಡುರಾಗ. ಎರಡೂ ವಸಂತ ಋತುವಿನ ರಾಗಗಳೇ. ಆದರೆ ಮನೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ:

ಬಸಂತ್: 0, 1, 4, 5, 6, 7, 8, 11
ಬಹಾರ್: 0, 2, 3, 5, 7, 9, 10, 11

ಎರಡರಲ್ಲೂ ಇರೋದು 0, 5, 7, 11 ಮಾತ್ರ. ರಿ, ಗ, ಧ ಮೂರೂ ತಿರುವುಮುರುವು. ಬಸಂತ್‌ನಲ್ಲಿ ಕೋಮಲ ಇದ್ದದ್ದು ಬಹಾರ್‌ನಲ್ಲಿ ಶುದ್ಧ, ಅಲ್ಲಿ ಶುದ್ಧ ಇದ್ದದ್ದು ಇಲ್ಲಿ ಕೋಮಲ. ಇಂಥ ಎರಡು ರಾಗಗಳನ್ನ ಹೊಲಿಗೆ ಕಾಣದ ಹಾಗೆ ಜೋಡಿಸಬೇಕು ಅಂದರೆ ಹಾಡುವವರು ಎರಡಕ್ಕೂ ಸೇರಿದ ಸ್ವರದ ಮೇಲೆ ಕಾಲಿಟ್ಟು ಈ ಕಡೆಯಿಂದ ಆ ಕಡೆ ದಾಟಬೇಕು. ಹಳ್ಳ ದಾಟುವಾಗ ನಡುವೆ ಇರೋ ಕಲ್ಲು ಹುಡುಕ್ತೀವಲ್ಲ, ಹಾಗೆ.

ಮನೆಗಳ ಪಟ್ಟಿ ಸಿಕ್ಕರೆ ರಾಗ ಸಿಕ್ಕಿತು ಅಂತ ಮಾತ್ರ ತಿಳಿಯಬೇಡಿ. ಇದೇ ಸಿನಿಮಾದಲ್ಲಿ ಮನ್ನಾ ಡೇ ಹಾಡಿರೋ ಒಂದು ಪ್ರಾರ್ಥನೆ ಮಿಯಾಂ ಕೀ ಮಲ್ಹಾರ್ ರಾಗದಲ್ಲಿದೆ. ಅದರ ಮನೆಗಳನ್ನ ಬರೆದುಕೊಳ್ಳಿ: 0, 2, 3, 5, 7, 9, 10, 11. ಮೇಲಿನ ಬಹಾರ್ ಪಟ್ಟಿಯೇ! ಆದರೂ ಕಿವಿಗೆ ಎರಡೂ ಒಂದೇ ಅನ್ನಿಸಲ್ಲ. ಮಲ್ಹಾರ್‌ನಲ್ಲಿ ಕೋಮಲ ಗ ನಿಧಾನಕ್ಕೆ ತೂಗಾಡುತ್ತೆ, ಸ್ವರ ಕೆಳಗಿನ ಸ್ಥಾಯಿಯಲ್ಲಿ ಮೋಡದ ಹಾಗೆ ತುಂಬಿಕೊಳ್ಳುತ್ತೆ. ಬಹಾರ್ ಚುರುಕಾಗಿ ಮೇಲಕ್ಕೆ ಚಿಮ್ಮುತ್ತೆ. ಅವೇ ಕಾಂಪೊನೆಂಟ್‌ಗಳು, ಜೋಡಣೆ ಬೇರೆ, ಹಾಗಾಗಿ ಸರ್ಕಿಟ್ಟೇ ಬೇರೆ. ರಾಗ ಅಂದರೆ ಮನೆಗಳ ಪಟ್ಟಿ ಅಲ್ಲ, ಮನೆಯಿಂದ ಮನೆಗೆ ಹೋಗೋ ದಾರಿ. ಇಷ್ಟು ಗೊತ್ತಾದರೆ ಕ್ಲಾಸಿಕಲ್ ಬಗ್ಗೆ ಇರೋ ಅರ್ಧ ಭಯ ಹೋದ ಹಾಗೆ.

ಸ್ಪರ್ಧೆಯ ಹಾಡು

ಈಗ ಈ ಸಿನಿಮಾದ ಅತಿ ಹೆಸರುವಾಸಿ ಹಾಡಿಗೆ ಬರೋಣ. ಆಸ್ಥಾನದಲ್ಲಿ ಇಬ್ಬರು ಗಾಯಕರ ನಡುವೆ ಸ್ಪರ್ಧೆ. ನಾಯಕನ ದನಿ ಮನ್ನಾ ಡೇ ಅವರದ್ದು. ಎದುರಾಳಿಯ ದನಿ ಪಂಡಿತ್ ಭೀಮಸೇನ ಜೋಶಿ ಅವರದ್ದು.

ಇದಕ್ಕೆ ಒಂದು ಹಿನ್ನೆಲೆ ಇದೆ. 1952ರಲ್ಲಿ ನೌಶಾದ್ ಸಂಗೀತದ 'ಬೈಜು ಬಾವ್ರಾ' ಬಂದಿತ್ತು. ಅಲ್ಲೂ ನಾಯಕ ಭರತ್ ಭೂಷಣ್, ಅಲ್ಲೂ ಒಂದು ಗಾಯನ ಸ್ಪರ್ಧೆ. ಆದರೆ ಅಲ್ಲಿ ಎರಡೂ ಕಡೆ ಶಾಸ್ತ್ರೀಯ ಗಾಯಕರೇ: ಉಸ್ತಾದ್ ಅಮೀರ್ ಖಾನ್ ಮತ್ತು ಡಿ.ವಿ. ಪಲುಸ್ಕರ್. 'ಬಸಂತ್ ಬಹಾರ್'ನಲ್ಲಿ ಒಂದು ಕಡೆ ಸಿನಿಮಾ ಗಾಯಕ, ಇನ್ನೊಂದು ಕಡೆ ಕಛೇರಿ ಗಾಯಕ. ಅದೂ ಅಲ್ಲದೆ ಕತೆಯ ಪ್ರಕಾರ ಗೆಲ್ಲಬೇಕಾದವರು ಸಿನಿಮಾ ಗಾಯಕ! ಜೋಶಿಯವರ ಎದುರು ಹಾಡಿ ಗೆಲ್ಲಬೇಕು ಅಂತ ಕೇಳಿದಾಗ ಊರು ಬಿಟ್ಟು ಓಡಿಹೋಗೋಣ ಅನ್ನಿಸಿತ್ತು, ಹೆಂಡತಿ ಧೈರ್ಯ ಹೇಳಿದರು ಅಂತ ಮನ್ನಾ ಡೇ ಮುಂದೆ ನೆನಪಿಸಿಕೊಂಡಿದ್ದಾರೆ. ಮನ್ನಾ ಡೇ ಅವರಿಗೆ ಶಾಸ್ತ್ರೀಯ ಪಾಠ ಆಗಿರಲಿಲ್ಲ ಅಂತ ಅಲ್ಲ. ಚಿಕ್ಕಪ್ಪ ಕೆ.ಸಿ. ಡೇ ಅವರಿಂದ ಶುರುವಾಗಿ ಉಸ್ತಾದರ ಹತ್ತಿರವೂ ಕಲಿತವರು. ಅಷ್ಟು ಕಲಿತಿದ್ದರಿಂದಲೇ ಎದುರಿಗಿರೋರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಜೋಶಿಯವರಿಗೆ 34 ವರ್ಷ. ಹುಟ್ಟಿದ್ದು 1922ರ ಫೆಬ್ರವರಿ 4ರಂದು, ಈಗಿನ ಗದಗ ಜಿಲ್ಲೆಯ ರೋಣದಲ್ಲಿ. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಇಲ್ಲೇ, ನಮ್ಮ ಧಾರವಾಡ ಸೀಮೆಯ ಕುಂದಗೋಳದಲ್ಲಿ: ಸವಾಯಿ ಗಂಧರ್ವರು. 1936ರಿಂದ ಅವರ ಮನೆಯಲ್ಲೇ ಇದ್ದು ಕಲಿತರು.

ಹಾಡು ಕೇಳುವಾಗ ಇಬ್ಬರ ದನಿಯ ತೂಕ ಗಮನಿಸಿ. ಮನ್ನಾ ಡೇ ದನಿ ಅಚ್ಚುಕಟ್ಟು. ಪ್ರತಿ ಸ್ವರ ತನ್ನ ಜಾಗದಲ್ಲಿ, ಪ್ರತಿ ಮಾತು ಸ್ಪಷ್ಟ, ಮೈಕಿಗೆ ಎಷ್ಟು ಬೇಕೋ ಅಷ್ಟೇ. ಜೋಶಿಯವರ ದನಿ ಬರೋದು ಎದೆಯಿಂದ. ತಾನು ಹಾಡುವಾಗ ಸ್ವರಗಳು ಒಂದರ ಹಿಂದೆ ಒಂದು ಉರುಳುತ್ತವೆ. ಅರ್ಧ ಗಂಟೆ ಬೆಳೆಸಬೇಕಾದದ್ದನ್ನ ಕೆಲವೇ ನಿಮಿಷಕ್ಕೆ ಇಳಿಸಿದ್ದಾರೆ ಅನ್ನೋದು ಆ ಒತ್ತಡದಲ್ಲೇ ಗೊತ್ತಾಗುತ್ತೆ. ಕಛೇರಿಯ ಗಾಯಕನಿಗೆ ಇದು ಸಣ್ಣ ತ್ಯಾಗ ಅಲ್ಲ. ಬಡಾ ಖಯಾಲಿನಲ್ಲಿ ಒಂದು ಸ್ವರದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಸಿನಿಮಾದಲ್ಲಿ ಸಂಗೀತ ನಿರ್ದೇಶಕ ಸ್ಟಾಪ್‌ವಾಚ್ ಹಿಡಿದು ಕೂತಿರ್ತಾರೆ.

ಸೋಲುವವನು ದೊಡ್ಡವನಾಗಿದ್ದರೆ ಮಾತ್ರ ಗೆಲುವಿಗೆ ಬೆಲೆ. ಶಂಕರ್–ಜೈಕಿಶನ್‌ಗೆ ಇದು ಗೊತ್ತಿತ್ತು. ಅದಕ್ಕೇ ಸೋಲುವ ಪಾತ್ರಕ್ಕೆ ಜೋಶಿಯವರ ದನಿ ಬೇಕಾಯಿತು. ಕಣ್ಣು ಮುಚ್ಚಿ ಕೇಳಿದರೆ ನನ್ನ ಕಿವಿಗೆ ಅಲ್ಲಿ ಯಾರೂ ಸೋತ ಹಾಗೆ ಕೇಳಿಸಲ್ಲ. ಸೋಲು ಇರೋದು ಸ್ಕ್ರಿಪ್ಟಿನಲ್ಲಿ, ಸ್ವರದಲ್ಲಿ ಇಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತೆ. ಸ್ಪರ್ಧೆ ಅಂದಮೇಲೆ ತೀರ್ಪು ಕೊಡೋಕೆ ಆಸ್ಥಾನ ಬೇಕು. ತ.ರಾ.ಸು. ಅವರ ವೆಂಕಟಸುಬ್ಬಯ್ಯ ಒಪ್ಪದೇ ಇದ್ದದ್ದು ಅದನ್ನೇ: ನನ್ನ ಸಂಗೀತಕ್ಕೆ ಬೆಲೆ ಕಟ್ಟೋಕೆ ಅರಸ ಯಾರು? ಬೊಂಬಾಯಿಗೆ ಹೋದ ಕತೆಗೆ ಭೀಮಸೇನ ಜೋಶಿಯಂಥ ದನಿ ಸಿಕ್ಕಿತು. ಆದರೆ ಆ ದನಿ ಬಂದದ್ದು ಆಸ್ಥಾನದ ಸ್ಪರ್ಧಿಯಾಗಿ. ಇದು ಲಾಭವೋ ನಷ್ಟವೋ, ನೀವು ಕೇಳಿಯೇ ಹೇಳಬೇಕು.

ಸನವಳ್ಳಿಯಿಂದ ನೋಡಿದರೆ

ನಮ್ಮೂರು ಸನವಳ್ಳಿ, ಮುಂಡಗೋಡ ತಾಲೂಕು. ಹೊರಗಿನವರಿಗೆ ಗೊತ್ತಿದ್ದರೆ ಜಲಾಶಯದಿಂದ ಗೊತ್ತು. ನಮ್ಮಿಂದ ಒಂದು ಕಡೆ ಹಾನಗಲ್ಲು, ಇನ್ನೊಂದು ಕಡೆ ತಡಸ ದಾಟಿ ಹುಬ್ಬಳ್ಳಿ, ಹುಬ್ಬಳ್ಳಿಯ ಆಚೆ ಕುಂದಗೋಳ. ಹಾನಗಲ್ಲು ಅಂದರೆ ಗಂಗೂಬಾಯಿ ಹಾನಗಲ್ಲರ ಹೆಸರಿನ ಜೊತೆ ಇರೋ ಊರು. ಅವರೂ ಸವಾಯಿ ಗಂಧರ್ವರ ಶಿಷ್ಯೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಅವರ ತಾಯಿ ಅಂಬಾಬಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ, ಮಗಳು ಹಾಡಿದ್ದು ಹಿಂದೂಸ್ತಾನಿ. ಎರಡು ಪದ್ಧತಿ ಒಂದೇ ಮನೆಯಲ್ಲಿ.

ಇಂಥದ್ದು ನಮ್ಮ ರಾಜ್ಯದಲ್ಲಿ ಯಾಕೆ ಆಗುತ್ತೆ ಅಂದರೆ, ಎರಡೂ ಪದ್ಧತಿಗಳು ಗಟ್ಟಿಯಾಗಿ ಬೇರು ಬಿಟ್ಟ ನೆಲ ಇದು. ದಕ್ಷಿಣದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಕರ್ನಾಟಕ ಸಂಗೀತ ಬೆಳೆಯಿತು. ಉತ್ತರದ ಧಾರವಾಡ, ಬೆಳಗಾವಿ ಕಡೆ ಆಡಳಿತ ಬೊಂಬಾಯಿಯದ್ದು, ನಾಟಕ ಕಂಪನಿಗಳ ಓಡಾಟ ಮಹಾರಾಷ್ಟ್ರದ ಜೊತೆ. ಸವಾಯಿ ಗಂಧರ್ವರ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜ್‌ನಿಂದ ಮೈಸೂರಿನ ಕಡೆ ಹೋಗಿಬರುವಾಗ ಈ ಸೀಮೆಯಲ್ಲಿ ಇಳಿದು ಕಲಿಸುತ್ತಿದ್ದರು. ಹೀಗೆ ಕಿರಾನಾ ಘರಾಣೆ ಇಲ್ಲಿಗೆ ಬಂತು.

ಈಗ ಒಂದು ತಾರೀಖು ನೆನಪಿಡಿ. 'ಬಸಂತ್ ಬಹಾರ್' ಬಂದ 1956ನೇ ಇಸವಿಯ ನವೆಂಬರ್ 1ರಂದೇ ಧಾರವಾಡ ಮತ್ತು ನಮ್ಮ ಉತ್ತರ ಕನ್ನಡ ಬೊಂಬಾಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು. ಅಂದರೆ ಈ ಹಾಡುಗಳನ್ನ ಮಾಡೋ ಹೊತ್ತಿಗೆ ಕತೆಯ ಊರು ಚಿತ್ರದುರ್ಗ ಒಂದು ರಾಜ್ಯದಲ್ಲಿತ್ತು, ದನಿಯ ಊರು ಕುಂದಗೋಳ ಇನ್ನೊಂದು ರಾಜ್ಯದಲ್ಲಿತ್ತು. ಏಕೀಕರಣದ ನಕ್ಷೆ ಜಾರಿಗೆ ಬರೋ ಹೊತ್ತಿಗೆ ದಕ್ಷಿಣದ ಕತೆ, ಉತ್ತರದ ಕಂಠ ಎರಡೂ ಒಂದೇ ಸಿನಿಮಾದಲ್ಲಿ ಸೇರಿದ್ದವು. ಸೇರಿದ್ದು ಬೊಂಬಾಯಿಯಲ್ಲಿ, ಅದೂ ಹಿಂದಿಯಲ್ಲಿ, ಅನ್ನೋದು ಇದರ ತಮಾಷೆ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ.

ನಮ್ಮ ಅಜ್ಜನಿಗೆ ಈ ಸಿನಿಮಾದ ಹೆಸರು ಗೊತ್ತಿಲ್ಲ. ಫೋನಿನಲ್ಲಿ ಹಾಡು ಹಾಕಿದಾಗ ಎರಡನೇ ದನಿ ಬಂದ ಕೂಡಲೇ, "ಇವ್ರು ನಮ್ಮ ಭೀಮಸೇನ ಜೋಶಿಯವ್ರಲ್ಲೇನೋ" ಅಂದರು. ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಕಿವಿ ಅದು. ಹಾಡು ಹಿಂದಿಯಲ್ಲಿದೆ ಅನ್ನೋದು ಅವರ ಲೆಕ್ಕಕ್ಕೇ ಬರಲಿಲ್ಲ.

ಕತೆ ಮನೆಗೆ ವಾಪಸ್

'ಹಂಸಗೀತೆ' ಕನ್ನಡದಲ್ಲಿ ಸಿನಿಮಾ ಆಗಿದ್ದು 1975ರಲ್ಲಿ, ಹಿಂದಿಗಿಂತ ಸುಮಾರು ಎರಡು ದಶಕ ತಡವಾಗಿ. ನಿರ್ದೇಶಕ ಜಿ.ವಿ. ಅಯ್ಯರ್, ವೆಂಕಟಸುಬ್ಬಯ್ಯನಾಗಿ ಅನಂತ್ ನಾಗ್. ಸಂಗೀತ ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದ್ದು. ಇಲ್ಲಿ ಕತೆ ತನ್ನ ಹಳೆಯ ಪದ್ಧತಿಗೇ ಮರಳಿತು, ಅಂದರೆ ಕರ್ನಾಟಕ ಸಂಗೀತಕ್ಕೆ. ಇದರ ಹಾಡುಗಾರಿಕೆಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಎರಡೂ ಸಿನಿಮಾಗಳ ಹಾಡುಗಳನ್ನ ಒಂದರ ಹಿಂದೆ ಒಂದು ಕೇಳಿದರೆ, ಒಂದೇ ಪ್ರಾಬ್ಲಂ ಸ್ಟೇಟ್‌ಮೆಂಟಿಗೆ ಎರಡು ತಂಡಗಳು ಬರೆದ ಉತ್ತರದ ಹಾಗೆ ಕಾಣುತ್ತೆ.

ಈ ನಡುವೆ 1966ರಲ್ಲಿ ಅ.ನ.ಕೃ. ಕಾದಂಬರಿ ಆಧರಿಸಿದ ಕನ್ನಡದ 'ಸಂಧ್ಯಾರಾಗ' ಬಂತು, ಡಾ. ರಾಜ್‌ಕುಮಾರ್ ಅಭಿನಯದ್ದು. ಅದರ ಹಾಡುಗಳಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಇದ್ದಾರೆ. ಇಲ್ಲಿ ಉತ್ತರ, ದಕ್ಷಿಣ ಎರಡೂ ಕನ್ನಡದ ಸಾಹಿತ್ಯವನ್ನೇ ಹಾಡುತ್ತವೆ.

ಹೇಗೆ ಕೇಳಬೇಕು

ಇಂಟರ್ನಲ್ಸ್ ಮುಗಿದ ಮೇಲೆ ಒಂದು ಸಂಜೆ ಇದಕ್ಕೆ ಇಡಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು.

ಮೊದಲು ಕೀಬೋರ್ಡಿನಲ್ಲಿ ಬಸಂತ್, ಬಹಾರ್ ಪಟ್ಟಿಗಳನ್ನ ಐದೈದು ಸಲ ನುಡಿಸಿ. ಬೆರಳಿಗೆ ಅಭ್ಯಾಸ ಆಗೋದು ಬೇಡ, ಕಿವಿಗೆ ಆದರೆ ಸಾಕು. ಆಮೇಲೆ ಸ್ಪರ್ಧೆಯ ಹಾಡು ಕೇಳಿ. ಮೊದಲ ಸಲ ದನಿ ಯಾವಾಗ ಬದಲಾಗುತ್ತೆ ಅಂತ ಮಾತ್ರ ಗುರುತಿಸಿ. ಎರಡನೇ ಸಲ ಲಯ ಎಲ್ಲಿ ವೇಗ ಹಿಡಿಯುತ್ತೆ ನೋಡಿ. ಮೂರನೇ ಸಲ ಸಾಹಿತ್ಯ ಪೂರ್ತಿ ಬಿಟ್ಟು, ಬರೀ ಜೋಶಿಯವರ ತಾನುಗಳ ಹಿಂದೆ ಹೋಗಿ. ಅದಾದ ಮೇಲೆ ಮಲ್ಹಾರ್‌ನ ಪ್ರಾರ್ಥನೆ ಕೇಳಿ, ಅವೇ ಮನೆಗಳು ಹೇಗೆ ಮಳೆಗಾಲ ಆಗುತ್ತವೆ ಅಂತ ಗಮನಿಸಿ. ಲತಾ ಹಾಡಿನಲ್ಲಿ ದನಿ ನಿಂತಾಗ ಕೊಳಲು ಏನು ಮಾಡುತ್ತೆ ಕೇಳಿ.

ಕೊನೆಗೆ ಜೋಶಿಯವರು ಕನ್ನಡದಲ್ಲಿ ಹಾಡಿರೋ ಯಾವುದಾದರೂ ದಾಸರ ಪದ ಹಾಕಿ. ಅದೇ ಪದವನ್ನ ಕರ್ನಾಟಕ ಸಂಗೀತದವರು ಹಾಡಿದ್ದೂ ಹುಡುಕಿ ಕೇಳಿ. ಮಾತು ಒಂದೇ, ದಾರಿ ಎರಡು. ಇಷ್ಟಾದ ಮೇಲೆ 'ಹಂಸಗೀತೆ' ಲೈಬ್ರರಿಯಿಂದ ತಂದು ಓದಿದರೆ, ವೆಂಕಟಸುಬ್ಬಯ್ಯ ಯಾವ ಭೈರವಿ ಹಾಡುತ್ತಿದ್ದ ಅನ್ನೋದು ಪುಟದ ಮೇಲೂ ಕೇಳಿಸುತ್ತೆ. ಅವನ ರಿಷಭ ಎರಡನೇ ಮನೆಯದ್ದು.